ತಪ್ಪಲಪಲ್ಯಕ್ಕೆ ಕಿವಿ

ನಮ್ಮ ಓಣಿಗೆ ತಪ್ಪಲಪಲ್ಯ ತರುವ ಅವ್ವ ಮೊದಲೆಲ್ಲ ಬಾಯಿಂದಲೇ ಕೂಗುತ್ತಿದ್ದಳು. ಈಗ ತಳ್ಳುಗಾಡಿಯ ಮೂಲೆಯ ಕೋಲಿಗೆ ಅಂಗೈಯಗಲದ ಮೈಕು ಬಂದಿದೆ. ಅದರೊಳಗೆ ಆಕೆಯ ಮೊಮ್ಮಗನ ದನಿ. ‘ಪಾಲಕ್ಕೇ, ಮೆಂತೇ, ಸಬ್ಬಸಗೀ, ಪುಂಡಿಪಲ್ಯಾ, ಕೊತಂಬ್ರೀ’ ಎಂದು ಹೇಳಿ, ಉಸಿರೆಳೆದು, ಸಣ್ಣಗೆ ಒಮ್ಮೆ ಕೆಮ್ಮಿ, ಮತ್ತೆ ‘ಪಾಲಕ್ಕೇ’ ಎಂದು ಮೊದಲಿಂದ ಶುರು. ಆ ಕೆಮ್ಮೂ ರೆಕಾರ್ಡ್ ಆಗಿಬಿಟ್ಟಿರುವುದರಿಂದ ಪಾಪ, ಹುಡುಗನಿಗೆ ಎರಡು ವರ್ಷದಿಂದ ನೆಗಡಿ ಬಿಟ್ಟಿಲ್ಲ.

ಒಂದು ಮುಂಜಾನೆ ಚಿಲ್ಲರೆಗಾಗಿ ಕಾಯುತ್ತ ಗಾಡಿಯ ಪಕ್ಕ ನಿಂತಿದ್ದಾಗ ನನ್ನ ಕಣ್ಣು ಮೈಕಿನ ಕೆಳಗಿದ್ದ ಸಬ್ಬಸಿಗೆಯ ಮೇಲೆ ಬಿತ್ತು. ಗಾಡಿ ನಿಂತಿತ್ತು. ಗಾಳಿ ಇರಲಿಲ್ಲ. ಆದರೂ ‘ಪುಂಡಿ’ ಎಂಬಲ್ಲಿ ಹುಡುಗನ ದನಿ ತಗ್ಗಿದಾಗ ಸಬ್ಬಸಿಗೆಯ ಕೂದಲೆಳೆಯಂಥ ತುದಿಗಳು ಸಣ್ಣಗೆ ನಡುಗುತ್ತಿದ್ದವು. ‘ಪಲ್ಯಾ’ ಎಂದು ದನಿ ಏರಿದಾಗ ಸುಮ್ಮನಾಗುತ್ತಿದ್ದವು. ತನ್ನ ಸ್ವಂತ ಹೆಸರು ಕರೆದಾಗ ಮಾತ್ರ ಸಬ್ಬಸಿಗೆ ಮಿಸುಕಲಿಲ್ಲ. ಹಾಜರಿ ಕೂಗಿದಾಗ ಕಿಟಕಿಯ ಹೊರಗೆ ನೋಡುತ್ತ ಕೂರುವ ಹುಡುಗರನ್ನು ಮೂವತ್ತು ವರ್ಷ ಕಂಡವನು ನಾನು. ಗುರುತು ಹತ್ತಿತು.

‘ಅವ್ವಾ, ನಿನ್ನ ಪಲ್ಯ ಹಾಡು ಕೇಳ್ತೈತಲ್ಲ!’ ಎಂದೆ.

‘ಕೇಳ್ಲಿ ಬಿಡ್ರಿ ಸಾರು, ಕೇಳಿದ್ದಕ್ಕ ಬ್ಯಾರೆ ರೊಕ್ಕ ತಗಳಂಗಿಲ್ಲ’ ಎಂದು ಆಕೆ ಸಿವುಡನ್ನು ಚೀಲಕ್ಕೆ ತುರುಕಿ ಗಾಡಿ ತಳ್ಳಿದಳು.

ನಿವೃತ್ತಿಯಾದ ಮೇಷ್ಟರಿಗೆ ಇಷ್ಟು ಸಿಕ್ಕರೆ ಸಾಕು, ಒಂದು ವರ್ಷ ಕಳೆಯುತ್ತದೆ. ಮನೆಗೆ ಬಂದು ಓದತೊಡಗಿದೆ. ಗಿಡಕ್ಕೆ ಹಾಡು ಕೇಳಿಸಿದರೆ ಬೆಳೆ ಹೆಚ್ಚುತ್ತದೆಂದು ನಮ್ಮಲ್ಲಿ ಯಾರೇ ಹೇಳಿದರೂ ಮುಂದಿನ ವಾಕ್ಯದಲ್ಲಿ ಜಗದೀಶಚಂದ್ರ ಬೋಸರ ಹೆಸರು ಬಂದೇ ಬರುತ್ತದೆ. ಬೋಸರು ಗಿಡವನ್ನು ಮುಟ್ಟಿ, ಚುಚ್ಚಿ, ವಿದ್ಯುತ್ತು ಹಾಯಿಸಿ, ಮದ್ದು ಕೊಟ್ಟು ಅಳೆದವರೇ ಹೊರತು ಅದರ ಮುಂದೆ ಕಛೇರಿ ಏರ್ಪಡಿಸಿದವರಲ್ಲ. ಕಛೇರಿ ಏರ್ಪಡಿಸಿದವರು ಬೇರೆ. ಚಿದಂಬರದ ಪಕ್ಕದ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಮುಖ್ಯಸ್ಥರಾಗಿದ್ದ ಟಿ. ಸಿ. ಎನ್. ಸಿಂಗ್. 1950ರ ಸುಮಾರಿಗೆ ಅವರು ಹೈಡ್ರಿಲ್ಲ ಎಂಬ ನೀರಗಿಡದ ಎಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಜೀವಕೋಶದೊಳಗೆ ರಸ ಹರಿದಾಡುವುದನ್ನು ನೋಡುತ್ತಿದ್ದರು. ಪಕ್ಕದಲ್ಲಿ ನಾದ ಮಾಡಿದರೆ ಈ ಹರಿದಾಟ ಚುರುಕಾದೀತೇ ಎಂಬ ಯೋಚನೆ ಅವರಿಗೆ ಹೊಳೆಯಿತು. ಶ್ರುತಿಕವೆ ಮಿಡಿಸಿದರು, ಪಿಟೀಲು ನುಡಿಸಿಸಿದರು. ಆಮೇಲೆ ಕರ್ಣಕುಂಡಲದ ಗಿಡಗಳ ಮುಂದೆ ವೀಣೆಯಲ್ಲಿ ಖರಹರಪ್ರಿಯ. ಹೆಸರಲ್ಲೇ ಕಿವಿ ಇಟ್ಟುಕೊಂಡ ಗಿಡ ಅದು, ಕೇಳದೆ ಇದ್ದೀತೇ? ಎಲೆ ಶೇ. 72 ಹೆಚ್ಚು ಬಂದವು, ಎತ್ತರ ಶೇ. 20 ಹೆಚ್ಚಾಯಿತು ಎಂಬುದು ಅವರ ಲೆಕ್ಕ. ತಮಿಳುನಾಡು, ಪುದುಚೇರಿಯ ಭತ್ತದ ಗದ್ದೆಗಳಿಗೆ ಧ್ವನಿವರ್ಧಕದಲ್ಲಿ ಚಾರುಕೇಶಿ ಕೇಳಿಸಿ ಸುತ್ತಲಿನ ಇಳುವರಿಗಿಂತ ಶೇ. 25ರಿಂದ 60ರಷ್ಟು ಹೆಚ್ಚು ತೆಗೆದೆವೆಂದೂ ಹೇಳಿಕೊಂಡರು. ಗೆಜ್ಜೆ ಕಟ್ಟದ ಕಾಲಿನ ಭರತನಾಟ್ಯವನ್ನೂ ಹೂಗಿಡಗಳ ಪಕ್ಕ ಆಡಿಸಿ ನೋಡಿದರು. 1973ರಲ್ಲಿ ಇಬ್ಬರು ಅಮೆರಿಕನ್ನರು ಬರೆದ ‘ದಿ ಸೀಕ್ರೆಟ್ ಲೈಫ್ ಆಫ್ ಪ್ಲಾಂಟ್ಸ್’ ಎಂಬ ಪುಸ್ತಕ ಈ ಕಥೆಯನ್ನು ಲೋಕಕ್ಕೆಲ್ಲ ಹಂಚಿತು. ಸಸ್ಯವಿಜ್ಞಾನಿಗಳು ಆ ಪುಸ್ತಕವನ್ನು ಇಂದಿಗೂ ಮೂಗು ಹಿಡಿದುಕೊಂಡೇ ಎತ್ತಿಕೊಳ್ಳುತ್ತಾರೆ.

ಅದೇ 1973ರಲ್ಲಿ ಅಮೆರಿಕದ ಡೆನ್ವರ್‌ನಿಂದ ಡೊರೊತಿ ರಿಟಲ್ಯಾಕ್ ಎಂಬ ಹೆಂಗಸು ಇನ್ನೊಂದು ಪುಸ್ತಕ ತಂದರು. ಅವರ ಗಿಡಗಳು ರಾಕ್ ಸಂಗೀತ ಹಾಕಿದರೆ ಮುಖ ತಿರುಗಿಸಿ ಆಚೆ ಬಾಗುತ್ತಿದ್ದವು. ಬಾಖ್ ಹಾಕಿದರೆ ಸ್ಪೀಕರಿನ ಕಡೆ ವಾಲುತ್ತಿದ್ದವು. ರವಿಶಂಕರರ ಸಿತಾರ್ ಹಾಕಿದರಂತೂ ಇನ್ನೂ ಹೆಚ್ಚು. ಇದನ್ನು ಓದಿ ಭಾರತೀಯನಾದ ನನಗೆ ಎದೆಯುಬ್ಬಿತು, ನಿಜ. ಆದರೆ ಉಬ್ಬಿದ ಎದೆ ಇಳಿದ ಮೇಲೆ ಒಂದು ಅನುಮಾನ ಉಳಿಯಿತು. ಚಿದಂಬರದ ಗಿಡಕ್ಕೆ ಖರಹರಪ್ರಿಯ ಇಷ್ಟ. ರಾಕ್ ಕೇಳಲಾರದ ಹೆಂಗಸಿನ ಗಿಡಕ್ಕೆ ರಾಕ್ ಆಗದು. ಮಕ್ಕಳಾದರೂ ಇಷ್ಟು ವಿಧೇಯರಾಗಿ ಅಪ್ಪ ಅಮ್ಮನ ಅಭಿರುಚಿಯನ್ನು ಒಪ್ಪಿಕೊಂಡದ್ದು ನಾನು ಕಂಡಿಲ್ಲ. ನಮಗೆ ಹಿಡಿಸಿದ ಹಾಡನ್ನು ಮನುಷ್ಯರು ಒಪ್ಪದಿದ್ದಾಗ ಪಾಲಕ್ಕಿನ ಹತ್ತಿರ ಸಹಿ ಹಾಕಿಸಿಕೊಂಡು ಬರುತ್ತೇವೇನೋ.

ಹೀಗೆ ಬುದ್ಧಿ ಹೇಳಿದ ನಾನೇ ಮರುವಾರ ಅದೇ ಕೆಲಸಕ್ಕೆ ಕೈ ಹಾಕಿದೆ.

ಕಾರ್ತಿಕದ ದಿನಗಳು. ಹೊಸಪೇಟೆಯ ಬಿಸಿಲು ಮನುಷ್ಯರ ಮೇಲೆ ತುಸು ಕರುಣೆ ತೋರಿಸುವ ಕಾಲ. ಮೀನಿನಂಗಡಿಯಿಂದ ಎರಡು ಥರ್ಮಾಕೋಲ್ ಪೆಟ್ಟಿಗೆ ತಂದೆ. ಅವುಗಳನ್ನು ಮೂರು ಸಲ ಸೀಗೆಪುಡಿ ಹಾಕಿ ತೊಳೆಯದೆ ಮಾಳಿಗೆ ಹತ್ತಿಸಕೂಡದೆಂದು ನಮ್ಮ ಮನೆಯಾಕೆ ಆಜ್ಞೆ ಮಾಡಿದಳು. ತೊಳೆದು, ಮಣ್ಣು ಗೊಬ್ಬರ ತುಂಬಿ, ಒಂದೊಂದರಲ್ಲೂ ಎಣಿಸಿ ಅರವತ್ತು ಪಾಲಕ್ ಬೀಜ ಹಾಕಿದೆ. ಒಂದು ಪೆಟ್ಟಿಗೆಗೆ ದಿನಾ ಮುಂಜಾನೆ ಒಂದು ತಾಸು ಹಾಡು. ಇನ್ನೊಂದಕ್ಕೆ ಮೌನ. ಯಾವ ಹಾಡು ಎಂಬ ಪ್ರಶ್ನೆಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಕರ್ನಾಟಕ ಸಂಗೀತದ ಪಾಠ ಮಾಯಾಮಾಳವಗೌಳದಿಂದ ಶುರುವಾಗುವಂತೆ ಮಾಡಿದವರೆಂದು ಹೆಸರಾದ ಪುರಂದರದಾಸರು ಇದ್ದದ್ದು ನಮ್ಮ ಹಂಪಿಯಲ್ಲಿ. ಹೊಳೆ ದಂಡೆಯ ಪುರಂದರ ಮಂಟಪ ಮನೆಯಿಂದ ಹದಿನೈದು ಕಿಲೋಮೀಟರು ಆದೀತು. ಊರಿನ ಪಲ್ಯಕ್ಕೆ ಊರಿನ ದಾಸರು. ಹಾಡುವವರು ಭೀಮಸೇನ ಜೋಶಿ.

‘ಮದುವಿ ಆಗಿ ಮೂವತ್ನಾಲ್ಕು ವರ್ಸಾತು. ನಾ ಅಡಗಿ ಮಾಡೋ ಮುಂದ ಒಂದಿನ ಹಾಡು ಹಚ್ಚಲಿಲ್ಲ ನೀವು’ ಎಂದಳು ಮನೆಯಾಕೆ.

‘ನಿನಗ ಬೆಳಿಯೋದು ಏನೈತಿ ಇನ್ನ’ ಎಂದೆ. ಆ ದಿನದ ಚಹಾ ನಾನೇ ಮಾಡಿಕೊಂಡೆ.

ಮೌನದ ಪೆಟ್ಟಿಗೆಗೆ ಹಾಡು ಕೇಳಿಸಬಾರದಲ್ಲ, ಅದನ್ನು ನೀರಿನ ಟಾಕಿಯ ಹಿಂದೆ ಇಟ್ಟೆ. ಇಪ್ಪತ್ತೆಂಟನೆಯ ದಿನ ಕೊಯ್ದೆವು. ದಾಸರನ್ನು ಕೇಳಿದ ಪೆಟ್ಟಿಗೆಯಲ್ಲಿ ಒಂದೂವರೆ ಸಿವುಡು. ಟಾಕಿಯ ಹಿಂದಿನದರಲ್ಲಿ ಎರಡು ಸಿವುಡು, ಎಲೆಯೂ ಅಗಲ. ‘ದಾಸರ ಪದ ಕೇಳಿ ವೈರಾಗ್ಯ ಬಂದಿರಬೇಕು’ ಎಂದು ಮನೆಯಾಕೆ ತೀರ್ಪು ಕೊಟ್ಟಳು. ನಾನು ಟಾಕಿಯ ಹಿಂದೆ ಹೋಗಿ ನೋಡಿದೆ. ಅಲ್ಲಿ ಮಧ್ಯಾಹ್ನದ ನೆರಳು ಬೀಳುತ್ತಿತ್ತು. ಟಾಕಿ ತುಂಬಿ ಹೊರಚೆಲ್ಲಿದಾಗ ತಣ್ಣಗೆ ನೀರು ಹನಿಯುತ್ತಿತ್ತು. ಇದು ಸಾಲದೆಂಬಂತೆ ಇನ್ನೊಂದು ಎಡವಟ್ಟು. ಶಬ್ದದ ಅಲೆ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಸೆಕೆಂಡಿಗೆ ನೂರು ಸಲ ಮಿಡಿಯುವ ಮಂದ್ರದ ಸ್ವರವಾದರೆ ಅದರ ಒಂದೊಂದು ಅಲೆಯೂ ಮೂರೂವರೆ ಮೀಟರಿನಷ್ಟು ಉದ್ದ. ಅಷ್ಟುದ್ದದ ಅಲೆ ಎದುರಿಗೆ ಸಿಕ್ಕಿದ ಸಣ್ಣ ವಸ್ತುವನ್ನು ಬಳಸಿಕೊಂಡು ಸಲೀಸಾಗಿ ಆಚೆ ಹೋಗುತ್ತದೆ. ಭೀಮಸೇನ ಜೋಶಿಯವರ ಮಂದ್ರವನ್ನು ಸಾವಿರ ಲೀಟರಿನ ಟಾಕಿ ತಡೆದೀತೇ? ಎರಡೂ ಪೆಟ್ಟಿಗೆಗಳು ಹಾಡು ಕೇಳಿದ್ದವು. ಒಂದು ನೆರಳಲ್ಲಿ ಕೂತು ಕೇಳಿತ್ತು, ಅಷ್ಟೆ.

ಆ ಮೇಲೆ ತಿಳಿಯಿತು, ಚೀನಾದವರು ಇದನ್ನು ಹೊಲದ ಮಟ್ಟದಲ್ಲಿ ಮಾಡಿದ್ದಾರೆ. ಗಿಡಕ್ಕೆ ಶಬ್ದ ಕೇಳಿಸಲೆಂದೇ ಯಂತ್ರ ಮಾಡಿಕೊಂಡು, ತಾಸುಗಟ್ಟಲೆ ನಾದ ಬಿಟ್ಟು, ಬೆಳೆ ಅಳೆದಿದ್ದಾರೆ. 2014ರಲ್ಲಿ ಬಂದ ಒಂದು ಸಮೀಕ್ಷಾ ಲೇಖನ ಇವೆಲ್ಲವನ್ನೂ ಕೂಡಿಹಾಕಿ, ಲೆಟ್ಯೂಸ್ ಸೊಪ್ಪು ಶೇ. 19.6, ಸ್ಪಿನಾಚ್ ಶೇ. 22.7, ಭತ್ತ ಶೇ. 5.7 ಹೆಚ್ಚು ಬಂದವೆಂದು ಹೇಳುತ್ತದೆ. ದಶಮಾಂಶ ಬಿಂದು ಕಂಡರೆ ನನಗೆ ಮೊದಲಿಂದಲೂ ಗೌರವ. ಆದರೆ ನನ್ನ ಪೆಟ್ಟಿಗೆಯೂ ಹೆಚ್ಚುಕಡಿಮೆ ಶೇ. 33.3ರ ವ್ಯತ್ಯಾಸ ತೋರಿಸಿತ್ತಲ್ಲ, ಅದೂ ಮೌನದ ಪರವಾಗಿ. ಹೊಲ ದೊಡ್ಡದಾದಷ್ಟೂ ನೆರಳು, ನೀರು, ಗೊಬ್ಬರ, ಮಣ್ಣು ಎಂಬ ನಾಲ್ಕು ಟಾಕಿಗಳು ನಡುವೆ ಬಂದು ನಿಲ್ಲುತ್ತವೆ. ಅವನ್ನೆಲ್ಲ ಸರಿಸಿ ಅಳೆಯುವುದು ಹುಡುಗಾಟವಲ್ಲ. ಶಬ್ದ ಬಿದ್ದಾಗ ಜೀವಕೋಶದ ಪೊರೆ ಅದುರುತ್ತದೆ, ಅದುರಿದಾಗ ಕ್ಯಾಲ್ಸಿಯಂ ಒಳನುಗ್ಗಿ ಗಿಡದೊಳಗೆ ಸುದ್ದಿ ಹರಡುತ್ತದೆ ಎಂಬಷ್ಟನ್ನು ಈಗ ಹಲವರು ಒಪ್ಪುತ್ತಾರೆ. ಸುದ್ದಿ ಹರಡಿದ್ದಕ್ಕೆಲ್ಲ ಸಿವುಡು ದಪ್ಪವಾಗುತ್ತದೆಂದು ಒಪ್ಪುವವರು ಕಡಿಮೆ.

ಈ ಓದಿನಲ್ಲಿ ನನಗೆ ಆದ ನಿಜವಾದ ಆಘಾತ ಮಾತ್ರ ಬೇರೆ. ಚೀನಾದವರ ಸ್ಪಿನಾಚೇ ನಮ್ಮ ಪಾಲಕ್ ಎಂದು ತಿಳಿದಿದ್ದೆ. ಅಲ್ಲವಂತೆ. ನಮ್ಮ ಪೇಟೆಯ ಪಾಲಕ್ ಕುಲದಲ್ಲಿ ಬೀಟ್‌ರೂಟಿನ ದಾಯಾದಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕ ಅನುಪಮ’ ಇದೆಯಲ್ಲ, ಆ ಪಾಲಕ್ಕೂ ಇದೇ ಮನೆತನದ್ದು. ಒಂದು ತಿಂಗಳು ದಿನಾ ಮುಂಜಾನೆ ದಾಸರ ಪದ ಕೇಳಿಸಿದ್ದು ಬೀಟ್‌ರೂಟಿಗೆ! ಅದೂ ಗಡ್ಡೆಯಿಲ್ಲದ ಬೀಟ್‌ರೂಟಿಗೆ. ಮನೆಯಾಕೆಗೆ ಇದನ್ನು ಇನ್ನೂ ಹೇಳಿಲ್ಲ.

ಡಿಸೆಂಬರಿನಲ್ಲಿ ನೆಂಟರು ಬಂದರು. ಹೊಸಪೇಟೆಯಲ್ಲಿ ಮನೆ ಮಾಡಿದ ತಪ್ಪಿಗೆ ವರ್ಷಕ್ಕೆ ಆರು ಸಲ ಹಂಪಿ ನೋಡುವ ಶಿಕ್ಷೆ ಇದ್ದೇ ಇದೆ. ವಿಜಯವಿಠಲ ದೇವಸ್ಥಾನದ ರಂಗಮಂಟಪದ ಮುಂದೆ ಗೈಡು ಐವತ್ತಾರು ಕಂಬಗಳ ಕಥೆ ಹೇಳುತ್ತಿದ್ದ. ಈ ಕಂಬ ಮೃದಂಗ, ಆ ಕಂಬ ಜಲತರಂಗ, ಬ್ರಿಟಿಷರು ಒಳಗೇನಿದೆ ನೋಡಲು ಎರಡನ್ನು ಕತ್ತರಿಸಿದರು ಇತ್ಯಾದಿ. ನಾನು ಹುಡುಗನಾಗಿದ್ದಾಗ ಬೆರಳ ಗೆಣ್ಣಿನಿಂದ ಬಡಿದು ಕೇಳಿದ್ದೇನೆ. ಈಗ ಮುಟ್ಟುವಂತಿಲ್ಲ, ಮುಟ್ಟಬಾರದ್ದೂ ಹೌದು. ಲಕ್ಷಾಂತರ ಗೆಣ್ಣುಗಳು ಬಡಿದರೆ ಕಲ್ಲಾದರೂ ಎಷ್ಟು ತಾಳೀತು. ಕಲ್ಪಾಕಂನ ಇಂದಿರಾಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷೆ ಮಾಡಿ, ಒಳಗೆ ಯಾವ ಗುಟ್ಟೂ ಇಲ್ಲ, ಗಟ್ಟಿ ಕಲ್ಲೇ, ತಟ್ಟಿದಾಗ ತೆಳ್ಳನೆಯ ಉಪಕಂಬ ಬಿಲ್ಲಿನಂತೆ ಬಾಗಿ ಅದುರುವುದರಿಂದ ನಾದ ಬರುತ್ತದೆ ಎಂದಿದ್ದಾರೆ. ಬಾಗುವುದು ಎಂದರೆ ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಕಲ್ಲು ಬಾಗುತ್ತದೆ.

ನೆಂಟರು ಸೆಲ್ಫಿ ತೆಗೆದುಕೊಳ್ಳುತ್ತಿದ್ದಾಗ ನನಗೆ ಡಾರ್ವಿನ್ ನೆನಪಾದ. ಎರೆಹುಳದ ಮೇಲೆ 1881ರಲ್ಲಿ ಒಂದು ಪುಸ್ತಕ ಬರೆದ ಮಹಾನುಭಾವ. ಹುಳಗಳಿಗೆ ಕಿವಿ ಇದೆಯೇ ನೋಡಲು ಮನೆಮಂದಿಯನ್ನೆಲ್ಲ ಕೆಲಸಕ್ಕೆ ಹಚ್ಚಿದ. ಮಗ ಬಸೂನ್ ಎಂಬ ದೊಡ್ಡ ಊದುವಾದ್ಯ ಊದಿದ. ಪಕ್ಕದಲ್ಲೇ ಪಿಯಾನೊ ಬಾರಿಸಿದರು. ಸೀಟಿ ಊದಿದರು. ಹುಳಗಳು ಕ್ಯಾರೇ ಎನ್ನಲಿಲ್ಲ. ಆದರೆ ಅವು ಇದ್ದ ಕುಂಡವನ್ನೇ ಪಿಯಾನೊ ಮೇಲಿಟ್ಟು ಒಂದು ಮಣೆ ಒತ್ತಿದ್ದೇ ತಡ, ಸರಕ್ಕನೆ ಬಿಲದೊಳಗೆ ಹೋದವು. ಗಾಳಿಯಲ್ಲಿ ಬಂದ ಸಂಗೀತ ಅವಕ್ಕೆ ಏನೂ ಅಲ್ಲ. ಮಣ್ಣಿನಲ್ಲಿ ಬಂದ ನಡುಕವೇ ಎಲ್ಲ. ಸಬ್ಬಸಿಗೆ ತನ್ನ ಹೆಸರಿಗೆ ಮಿಸುಕದೆ ‘ಪುಂಡಿ’ಗೆ ನಡುಗಿದ್ದು ಆಗ ಅರ್ಥವಾಯಿತು. ನಾವು ಅದಕ್ಕೆ ಸಾಹಿತ್ಯ ಕೊಡುತ್ತಿದ್ದೇವೆ, ಅದು ತಾಳ ಮಾತ್ರ ತೆಗೆದುಕೊಳ್ಳುತ್ತಿದೆ. ಅದಕ್ಕೂ ಒಂದು ತಕರಾರಿದೆ. ಆ 1973ರಲ್ಲೇ ಮಾರ್ಡಕೈ ಜಾಫೆ ಎಂಬ ವಿಜ್ಞಾನಿ, ದಿನಾ ಸವರಿ ಅಲುಗಿಸಿದ ಗಿಡಗಳು ಎತ್ತರ ಬೆಳೆಯದೆ ಗಿಡ್ಡಗೆ, ಗಟ್ಟಿಮುಟ್ಟಾಗಿ ನಿಲ್ಲುತ್ತವೆಂದು ತೋರಿಸಿದ. ಒಂದೇ ವರ್ಷದಲ್ಲಿ ಒಂದು ಪುಸ್ತಕ ಹಾಡು ಕೇಳಿದ ಗಿಡ ಎತ್ತರವಾಗುತ್ತದೆಂದಿತು, ಒಂದು ಪ್ರಯೋಗಶಾಲೆ ಅಲುಗಿದ ಗಿಡ ಗಿಡ್ಡವಾಗುತ್ತದೆಂದಿತು. ಹೆಚ್ಚು ಮಾರಾಟವಾದದ್ದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಸಂಕ್ರಾಂತಿಗೆ ಕಂಪ್ಲಿಗೆ ಹೋದೆವು. ಮನೆಯಾಕೆಯ ಚಿಕ್ಕಪ್ಪನ ಹೊಲ ಅಲ್ಲಿದೆ. ವಿಜಯನಗರದ ಅರಸರ ಕಾಲದ ಕಾಲುವೆಯ ನೀರು ಈಗಲೂ ಅವರ ಗದ್ದೆಗೆ ಬರುತ್ತದೆ. ಐನೂರು ವರ್ಷದ ಕಾಲುವೆಯ ನೀರು ಕುಡಿದ ಭತ್ತ ಎಂದು ನಾನು ಭಾವುಕನಾಗಿ ಹೇಳಿದರೆ ಮಾವ, ‘ಹೌದ್ರಿ, ಐನೂರು ವರ್ಸದಿಂದ ಬಾಲದ ಹೊಲಕ್ಕ ನೀರು ತಡಾನ ಬರಾದು’ ಎನ್ನುತ್ತಾರೆ. ಗದ್ದೆಯ ಬದುವಿನಲ್ಲಿ ಪುಂಡಿ, ಮನೆ ಹಿಂದಿನ ಮಡಿಗಳಲ್ಲಿ ಮೆಂತ್ಯೆ, ರಾಜಗಿರಿ, ಮೂಲಂಗಿ, ಒಂದು ಸಾಲು ಬದನೆ.

ನನ್ನ ಪ್ರಯೋಗದ ಕಥೆ ಅವರಿಗೆ ಮುಟ್ಟಿತ್ತು. ‘ಅಳಿಯಂದ್ರು ಪಲ್ಯಕ್ಕ ಹಾಡು ಹಚ್ಯಾರಂತ’ ಎಂದು ಮೂಲಂಗಿ ತೊಳೆಯುತ್ತ ನಕ್ಕರು. ‘ನಮ್ಮಲ್ಲೂ ಹಚ್ಚಿದ್ವಿ ನೋಡ್ರಿ. ರಾಜಕುಮಾರ್ ಹಾಡು.’

‘ಭತ್ತಕ್ಕ?’

‘ಹಕ್ಕಿಗೆ.’

ಮನೆಯಲ್ಲಿದ್ದ ಹಳೆಯ ಕ್ಯಾಸೆಟ್ಟುಗಳು ಹಾಳಾದಾಗ ಅವುಗಳ ರೀಲು ಬಿಚ್ಚಿ ಗದ್ದೆಗೆ ಅಡ್ಡಡ್ಡ ಕಟ್ಟಿದ್ದರಂತೆ. ಗಾಳಿ ಬೀಸಿದಾಗ ಆ ಕಂದು ಪಟ್ಟಿ ಗುಂಯ್ ಎಂದು ಮೊರೆಯುತ್ತದೆ, ಬಿಸಿಲಿಗೆ ಮಿಂಚುತ್ತದೆ, ಹಕ್ಕಿ ಹತ್ತಿರ ಬರುವುದಿಲ್ಲ. ನಾನು ಆ ಚಿತ್ರವನ್ನು ಬಹಳ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡೆ. ಹಾಡು ಅಷ್ಟೂ ಆ ಪಟ್ಟಿಯೊಳಗೇ ಇತ್ತು. ಭತ್ತದ ಮೇಲೆ ಮೊಳಗಟ್ಟಲೆ ಹಾಡು ಹರಡಿತ್ತು. ಹಕ್ಕಿಗೆ ಕೇಳಿಸಿದ್ದು ಬರೀ ಗುಂಯ್. ನಮ್ಮ ಕಡೆ ಬೇಸಾಯಕ್ಕೂ ಸದ್ದಿಗೂ ಇರುವ ನಂಟೇ ಬಹುಮಟ್ಟಿಗೆ ಇಂಥದ್ದು. ಜೋಳಕ್ಕೆ ಬರುವ ಗಿಳಿಗೆ ಡಬ್ಬ ಬಡಿಯುವುದು, ದರೋಜಿ ಕಡೆ ಕರಡಿಗೆ, ಹಂದಿಗೆ ಪಟಾಕಿ ಹೊಡೆಯುವುದು. ಬೆಳೆಯಲಿ ಎಂದು ಸದ್ದು ಮಾಡಿದ್ದಕ್ಕಿಂತ ಬೆಳೆದದ್ದು ಉಳಿಯಲಿ ಎಂದು ಸದ್ದು ಮಾಡಿದ್ದೇ ಹೆಚ್ಚು.

‘ಬರ್ರಿ, ನಿಮಗ ಖರೇ ಹಾಡೋರನ್ನ ತೋರಸ್ತೀನಿ’ ಎಂದು ಮಾವ ಬದನೆಯ ಸಾಲಿಗೆ ಕರೆದೊಯ್ದರು. ಬದನೆ ತಪ್ಪಲಪಲ್ಯವಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಕಂಡದ್ದನ್ನು ಹೇಳದೆ ಬಿಡಲಾರೆ. ಹೆಬ್ಬೆರಳಿನಷ್ಟು ದಪ್ಪದ ಕರಿದುಂಬಿ ಗುಯ್ಯೆನ್ನುತ್ತ ಬಂತು. ಇಳಿಬಿದ್ದ ನೇರಿಳೆ ಹೂವಿಗೆ ಕೆಳಗಿನಿಂದ ನೇತು ಬಿತ್ತು. ಹೂವಿನ ನಡುವಿನ ಹಳದಿ ಕೇಸರಗಳನ್ನು ಕಾಲುಗಳಿಂದ ತಬ್ಬಿ ಹಿಡಿಯಿತು. ರೆಕ್ಕೆ ಮಡಚಿತ್ತು. ಆದರೂ ಸದ್ದು ಬಂತು, ಹಾರುವಾಗಿನ ಸದ್ದಲ್ಲ, ಅದಕ್ಕಿಂತ ತೆಳ್ಳಗೆ, ಒತ್ತಿ ಒತ್ತಿ, ‘ಝೀಂ… ಝೀಂ…’. ಹೂವು ತೊಟ್ಟಿನ ಸಮೇತ ಅದುರಿತು. ದುಂಬಿಯ ಕರೀ ಹೊಟ್ಟೆಯ ಮೇಲೆ ಅರಿಸಿನ ಉದುರಿದಂತೆ ಪರಾಗ ಬಿತ್ತು. ಮತ್ತೆರಡು ‘ಝೀಂ’. ಹಾರಿತು. ಅದು ಕಚ್ಚಿ ಹಿಡಿದಿದ್ದ ಕಡೆ ಕೇಸರದ ಮೇಲೆ ಕಂದು ಕಲೆ ಉಳಿದಿತ್ತು.

ಬದನೆಯ ಕೇಸರ ಉಳಿದ ಹೂಗಳಂತೆ ಬಾಯಿ ಬಿಡುವುದಿಲ್ಲ. ತುದಿಯಲ್ಲಿ ಸೂಜಿಮೊನೆಯಷ್ಟು ತೂತು, ಅಷ್ಟೇ. ಉಪ್ಪಿನ ಡಬ್ಬಿಯ ಹಾಗೆ ಕೊಡವಿದರೆ ಮಾತ್ರ ಪುಡಿ ಬೀಳುತ್ತದೆ. ಸೆಕೆಂಡಿಗೆ ನೂರಾರು ಸಲ ಕೊಡವಬೇಕು. ಜೇನುಹುಳಕ್ಕೆ ಈ ವಿದ್ಯೆ ಬರುವುದಿಲ್ಲ, ಕರಿದುಂಬಿಗೆ, ನೀಲಿಪಟ್ಟೆಯ ದುಂಬಿಗೆ ಬರುತ್ತದೆ. ಟೊಮ್ಯಾಟೊ ಹೂವಿನದೂ ಹೆಚ್ಚುಕಡಿಮೆ ಇದೇ ಬುದ್ಧಿ. ಪರದೇಶಗಳಲ್ಲಿ ಗಾಜಿನ ಮನೆಯೊಳಗೆ ಟೊಮ್ಯಾಟೊ ಬೆಳೆಯುವವರು ಮೊದಲು ಆಳುಗಳ ಕೈಗೆ ಅದುರುವ ಕೋಲು ಕೊಟ್ಟು ಹೂಗೊಂಚಲಿಗೆಲ್ಲ ಮುಟ್ಟಿಸುತ್ತಿದ್ದರು. ಈಗ ದುಂಬಿಗಳನ್ನೇ ಪೆಟ್ಟಿಗೆಯಲ್ಲಿ ಕೊಂಡು ತಂದು ಬಿಡುತ್ತಾರೆ. ಶಬ್ದದಿಂದ ಇಳುವರಿ ಹೆಚ್ಚುತ್ತದೆ ಎಂದು ಯಾವ ಅನುಮಾನವೂ ಇಲ್ಲದೆ ಹೇಳಬಹುದಾದ ಜಾಗ ಇದೊಂದು. ಇದಕ್ಕೆ ರಾಗವೂ ಬೇಡ, ಬಾಖ್ ಕೂಡ ಬೇಡ.

‘ನೋಡಿ ನೋಡಿ, ಹೂವಿಗೆ ಎಷ್ಟು ಚಂದ ಹಾಡ್ತೈತಿ!’ ಎಂದೆ.

‘ಹಾಡಂಗಿಲ್ರಿ, ಕಳವು ಮಾಡಾಕ ಹತ್ತೈತಿ. ಕಿಸೆ ಜಾಡಸ್ತೈತಿ’ ಎಂದರು ಮಾವ.

ಗಿಡವೇನೂ ಪೂರ್ತಿ ಕಿವುಡಲ್ಲ ಎಂಬುದಕ್ಕೆ ಈಚೆಗೆ ಒಳ್ಳೆಯ ಪುರಾವೆಗಳು ಬಂದಿವೆ. 2014ರಲ್ಲಿ ಅಮೆರಿಕದ ಮಿಸೌರಿಯ ಇಬ್ಬರು ವಿಜ್ಞಾನಿಗಳು, ಸಾಸಿವೆ ಕುಲದ ಪುಟ್ಟ ಗಿಡವೊಂದರ ಎಲೆಯನ್ನು ಕಂಬಳಿಹುಳ ಮೆಲ್ಲುವಾಗಿನ ನಡುಕವನ್ನು ಲೇಸರಿನಲ್ಲಿ ಹಿಡಿದು, ಹುಳವಿಲ್ಲದ ಗಿಡಕ್ಕೆ ಅದನ್ನೇ ಮುಟ್ಟಿಸಿದರು. ಆ ಮೇಲೆ ಹುಳ ಬಿಟ್ಟಾಗ ಗಿಡ ಸಾಸಿವೆಯ ಖಾರದ ರಸವನ್ನು ಹೆಚ್ಚು ತಯಾರಿಸಿಕೊಂಡಿತು. ಗಾಳಿಯ ನಡುಕ, ಬೇರೆ ಕೀಟದ ಹಾಡು ಮುಟ್ಟಿಸಿದಾಗ ಹಾಗೆ ಮಾಡಲಿಲ್ಲ. ಎಂದರೆ ಸೊಪ್ಪಿಗೆ ನಿಜಕ್ಕೂ ಕೇಳಬೇಕೆನಿಸುವುದು ತನ್ನನ್ನು ತಿನ್ನುವವರ ಹಲ್ಲಿನ ಸದ್ದು. ಟೆಲ್ ಅವೀವ್‌ನಲ್ಲಿ ಲಿಲಾಕ್ ಹಡಾನಿಯವರ ತಂಡ 2019ರಲ್ಲಿ ಇನ್ನೊಂದು ಹೇಳಿತು. ಒಂದು ಜಾತಿಯ ಹಳದಿ ಹೂವಿಗೆ ಜೇನಿನ ಗುಂಯ್‌ಗುಟ್ಟುವಿಕೆ ಕೇಳಿಸಿದರೆ ಮೂರು ನಿಮಿಷದೊಳಗೆ ಮಕರಂದದ ಸಿಹಿ ಏರುತ್ತದೆ. ಬಾಗಿಲ ಸದ್ದು ಕೇಳಿ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದ ಹಾಗೆ. ಆ ತಂಡವೇ 2023ರಲ್ಲಿ ಗಿಡವೂ ಸದ್ದು ಮಾಡುತ್ತದೆ ಎಂದಿತು. ನೀರಿಲ್ಲದೆ ಒಣಗುತ್ತಿರುವ ಟೊಮ್ಯಾಟೊ ತಾಸಿಗೆ ಮೂವತ್ತು ನಲವತ್ತು ಸಲ ಚಟ್ ಚಟ್ ಎನ್ನುತ್ತದೆ. ನೀರುಂಡ ಗಿಡ ತಾಸಿಗೆ ಒಂದು ಸಲವೂ ಎನ್ನುವುದಿಲ್ಲ. ನಮ್ಮ ಕಿವಿ ಹಿಡಿಯಲಾರದಷ್ಟು ಕೀಚಲು ಸದ್ದು ಅದು. ಅದು ಗಿಡದ ಅಳುವಲ್ಲ, ನೀರಿನ ನಾಳದೊಳಗೆ ಗುಳ್ಳೆ ಒಡೆಯುವ ಸದ್ದಿರಬೇಕೆಂದು ಅವರ ಊಹೆ.

ಇದನ್ನು ಓದಿದ ರಾತ್ರಿ 2024ರ ಆಗಸ್ಟ್ ನೆನಪಾಗಿ ನಿದ್ದೆ ಬರಲಿಲ್ಲ. 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯ ಬರಿದಾಗುತ್ತಿತ್ತು. ಗೇಟು ತಜ್ಞ ಕನ್ಹಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ತಡೆಗೇಟಿನ ತುಂಡುಗಳನ್ನು ಇಳಿಸುವ ತನಕ ಒಂದು ವಾರ ಈ ಸೀಮೆಯಲ್ಲಿ ಯಾರೂ ನೆಟ್ಟಗೆ ಉಸಿರಾಡಲಿಲ್ಲ. ಗೇಟಿನಿಂದ ಧುಮುಕುವ ನೀರಿನ ಮೊರೆತ ನೋಡಲು, ಕೇಳಲು ಜನ ಹೋಗಿದ್ದರು. ನಾನೂ ಹೋಗಿದ್ದೆ. ಹೊಳೆ ಅಷ್ಟು ದೊಡ್ಡದಾಗಿ ಕೂಗಿ ಹೋಗುತ್ತಿದ್ದಾಗ, ನಾಟಿ ಮಾಡಿ ಕೂತ ಕಂಪ್ಲಿಯ ಮಾವ ಫೋನಿನಲ್ಲಿ ಒಂದೇ ಒಂದು ಮಾತು ಕೇಳಿದ್ದರು: ‘ಎಷ್ಟು ಉಳಿದೈತಂತ್ರಿ?’

ಸಂಡೂರಿನ ಚಿಗವ್ವನ ಮಾತನ್ನೂ ಇಲ್ಲಿ ಸೇರಿಸಬೇಕು, ಇಲ್ಲದಿದ್ದರೆ ಆಕೆ ಸಿಟ್ಟಾಗುತ್ತಾಳೆ. ಅವಳ ಹಿತ್ತಲಿನ ಎದುರಿಗೇ ಗುಡ್ಡ, ಗುಡ್ಡದ ಆಚೆ ಅದಿರಿನ ಗಣಿ. ಮಧ್ಯಾಹ್ನ ಸೈರನ್ ಆಗಿ ಸ್ವಲ್ಪ ಹೊತ್ತಿಗೆ ಧಡ್ ಎಂದು ಭೂಮಿ ಒಮ್ಮೆ ಒದರಿಕೊಳ್ಳುತ್ತದೆ. ಅಡಿಗೆಮನೆಯ ಡಬ್ಬಿಗಳು ಗಿಣಿಗಿಣಿ ಎನ್ನುತ್ತವೆ. ಬೇಸಿಗೆಯಲ್ಲಿ ಅವಳ ಹಿತ್ತಲಿನ ಪುಂಡಿ ಹಸಿರೋ ಕೆಂಪೋ ಹೇಳುವುದು ಕಷ್ಟ. ಧೂಳು ಕೂತು ಎಲೆಯ ಉಸಿರಿನ ಬಾಯಿಗಳು ಮುಚ್ಚುತ್ತವೆ. ಒಂದು ಸಾರಿನ ಪಲ್ಯಕ್ಕೆ ನಾಲ್ಕು ನೀರು ತೊಳೆಯಬೇಕು. ನಾಲ್ಕನೆಯ ನೀರೂ ಚಹಾದ ಬಣ್ಣ. ಸದ್ದಿನಿಂದ ಸೊಪ್ಪು ಚೆನ್ನಾಗಿ ಬರುತ್ತದಂತೆ ಎಂದು ಹೇಳಿದಾಗ ಆಕೆ ಮೊರವನ್ನು ಕೆಳಗಿಟ್ಟಳು.

‘ಸದ್ದಿಗೆ ಪಲ್ಯ ಬೆಳಿಯಂಗಿದ್ರ ನಮ್ಮ ಸಂಡೂರು ಇಷ್ಟೊತ್ತಿಗೆ ಬಳ್ಳಾರಿಗೆಲ್ಲ ಪಲ್ಯ ಹಾಕ್ತಿತ್ತಪ್ಪಾ. ಧಡ್ ಅಂದದ್ದು ಬಂತು, ಪಲ್ಯ ಎಲ್ಲಿ ಬಂತು?’

ನನ್ನ ಹತ್ತಿರ 2014ರ ಸಮೀಕ್ಷಾ ಲೇಖನ ಇತ್ತು. ಬಾಯಿಗೆ ಬರಲಿಲ್ಲ.

ಇಷ್ಟಾದ ಮೇಲೆ ಸುಮ್ಮನಿದ್ದೆ. ಮಾಳಿಗೆಯ ಪೆಟ್ಟಿಗೆಗಳಲ್ಲಿ ಈಗ ಮನೆಯಾಕೆ ಮೆಂತ್ಯೆ ಹಾಕಿದ್ದಾಳೆ, ಎರಡೂ ಟಾಕಿಯ ಹಿಂದೆ. ಸ್ಪೀಕರು ಅಡಿಗೆಮನೆ ಸೇರಿದೆ. ದಾಸರ ಪದಕ್ಕೆ ರೊಟ್ಟಿ ಉಬ್ಬುತ್ತವೆಯೇ ಎಂದು ನಾನು ಕೇಳಿಲ್ಲ.

ಮೊನ್ನೆ ಜೋಳ ಬೀಸಿಸಲು ಗಿರಣಿಗೆ ಹೋದೆ. ನಮ್ಮ ಓಣಿಯ ತುದಿಯ ಹಿಟ್ಟಿನ ಗಿರಣಿ, ಮುಂಜಾನೆ ಏಳಕ್ಕೆ ಶುರುವಾದರೆ ಮಧ್ಯಾಹ್ನದ ತನಕ ನಿಲ್ಲುವುದಿಲ್ಲ. ಕಟ್ಟೆ, ಬಾಗಿಲು, ಗೋಡೆಯ ಕ್ಯಾಲೆಂಡರು ಎಲ್ಲವೂ ಸಣ್ಣಗೆ ಅದುರುತ್ತಿರುತ್ತವೆ. ಕಟ್ಟೆಯ ಮೇಲೆ ಕೂತರೆ ಹಲ್ಲಿನ ಬೇರಿಗೆ ಗೊತ್ತಾಗುತ್ತದೆ. ಸರದಿಗೆ ಕಾಯುತ್ತ ಕೂತಾಗ ಕಂಡಿತು: ಗಿರಣಿಯ ಗೋಡೆಗೆ ಒರಗಿಸಿಟ್ಟ ಒಡೆದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಪುದೀನ. ಅಂಥ ಪುದೀನ ನಾನು ನೋಡಿರಲಿಲ್ಲ. ಅಂಚು ದಾಟಿ ಕೆಳಗೆ ಇಳಿದಿದೆ, ಒಂದೊಂದು ಎಲೆಯೂ ಎರಡು ರೂಪಾಯಿ ನಾಣ್ಯಕ್ಕಿಂತ ಅಗಲ. ಮೇಲೆ ತೆಳ್ಳಗೆ ಜೋಳದ ಹಿಟ್ಟು ಕೂತಿದೆ. ಡ್ರಮ್ಮು ಗೋಡೆಯ ಜೊತೆ ನಡುಗುತ್ತಿದೆ, ಪುದೀನ ಡ್ರಮ್ಮಿನ ಜೊತೆ ನಡುಗುತ್ತಿದೆ. ಡಾರ್ವಿನ್ನನ ಪಿಯಾನೊ ಮೇಲಿನ ಕುಂಡ!

ಡ್ರಮ್ಮಿಗೆ ಗಿರಣಿಯ ನೀರು ಹನಿಯುತ್ತದೆಯೇ, ಗೋಡೆಯ ನೆರಳು ಎಷ್ಟು ಹೊತ್ತು ಎಂದೆಲ್ಲ ನೋಡಿದೆ. ಒಮ್ಮೆ ಕೈ ಸುಟ್ಟುಕೊಂಡವನಲ್ಲವೇ. ಆಮೇಲೆ ತಡೆಯಲಾಗದೆ ಎದ್ದು ಹೋಗಿ ಗಿರಣಿಯ ಕಾಕಾನ ಕಿವಿಯ ಹತ್ತಿರ ಕೂಗಿದೆ. ನಲವತ್ತು ವರ್ಷ ಆ ಪಟ್ಟೆಯ ಪಕ್ಕ ನಿಂತ ಮನುಷ್ಯ.

‘ಕಾಕಾ, ಪುದೀನ ಹಿಂಗ ಬೆಳಿಯಾಕ ಈ ಸದ್ದೇ ಕಾರಣ ಏನು?’

‘ಏನ್ರಿ?’

‘ಸದ್ದು! ಸದ್ದು!’

‘ಸಜ್ಜಿ ನಾಳಿ ಬೀಸ್ತೀನ್ರಿ ಮೇಷ್ಟ್ರೇ’ ಎಂದು ಕಾಕಾ ನನಗಿಂತ ದೊಡ್ಡದಾಗಿ ಕೂಗಿದ. ‘ಇವತ್ತು ಬರೇ ಜ್ವಾಳ!’

ನನ್ನ ಡಬ್ಬಿ ತುಂಬಿಸಿ ಕೊಟ್ಟ. ಹಿಟ್ಟು ಬಿಸಿ ಇತ್ತು. ನಾನು ಪುದೀನದ ಕಡೆ ನೋಡುತ್ತಿದ್ದುದನ್ನು ಕಂಡಿರಬೇಕು, ಹೋಗಿ ಒಂದು ಹಿಡಿ ಚಿವುಟಿ, ಗೋಡೆಗೆ ಎರಡು ಸಲ ಬಡಿದು ಹಿಟ್ಟು ಕೊಡವಿ, ಡಬ್ಬಿಯ ಮುಚ್ಚಳದ ಮೇಲಿಟ್ಟ. ಅದು ಅಲ್ಲೂ ಇನ್ನೂ ನಡುಗುತ್ತಲೇ ಇತ್ತು. ಡಬ್ಬಿ ಕಟ್ಟೆಯ ಮೇಲಿತ್ತಲ್ಲ.